ಲೋಕ ಮುಳುಗಿದ ಮಾರನೇ ಬೆಳಿಗ್ಗೆ

ಹಳೇ ಪತ್ರಿಕೆಗಳ ತಲೆಬರಹ ಓದುವಾಗ ನನಗೊಂದು ಕೆಟ್ಟ ಚಾಳಿ. ಸುದ್ದಿ ಬಿಟ್ಟು, ಅದನ್ನು ನಂಬಿದವನ ಮನೆಯಲ್ಲಿ ಆಮೇಲೆ ಏನಾಗಿರಬಹುದು ಅಂತ ಯೋಚಿಸ್ತಾ ಕೂತುಬಿಡ್ತೀನಿ. ಹೆಡ್‌ಲೈನ್ ಕೊಟ್ಟ ಉಪಸಂಪಾದಕ ಪುಟ ಮುಗಿಸಿ, ಟೀ ಕುಡಿದು, ಮನೆಗೆ ಹೋಗಿ ಮಲಗಿರ್ತಾನೆ. ಬೆಳಿಗ್ಗೆ ಎದ್ದು ಅದರ ಜೊತೆ ಸಂಸಾರ ಮಾಡಬೇಕಾದವನು ಓದುಗ.

ಎಲ್ಲರೂ ನೋಡಿರೋ ಫೋಟೊದಿಂದಲೇ ಶುರು ಮಾಡೋಣ. 1948ರ ನವೆಂಬರ್, ಸೇಂಟ್ ಲೂಯಿಸ್ ರೈಲ್ವೆ ನಿಲ್ದಾಣ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಶಿಕಾಗೊ ಡೈಲಿ ಟ್ರಿಬ್ಯೂನ್ ಪತ್ರಿಕೆ ಎತ್ತಿ ಹಿಡಿದು ಬಾಯ್ತುಂಬ ನಗ್ತಿದ್ದಾರೆ. ಮುಖಪುಟದಲ್ಲಿ ದಪ್ಪಕ್ಷರದಲ್ಲಿ, ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ! ಡ್ಯೂಯಿ ಅಂದ್ರೆ ಎದುರಾಳಿ ಅಭ್ಯರ್ಥಿ, ಗೆದ್ದದ್ದು ಮಾತ್ರ ಟ್ರೂಮನ್. ಮುದ್ರಣದವರ ಮುಷ್ಕರ ನಡೀತಿತ್ತು, ಪುಟ ಬೇಗ ಕಳಿಸಬೇಕಿತ್ತು, ಎಣಿಕೆ ಮುಗಿಯೋ ತನಕ ಕಾಯೋ ಪುರುಸೊತ್ತು ಇರಲಿಲ್ಲ. ಜನ ಟ್ರೂಮನ್ ನಗು ನೋಡ್ತಾರೆ. ನನ್ನ ಕಣ್ಣಿಗೆ ಕಟ್ಟೋದು ಶಿಕಾಗೊದ ಯಾವುದೋ ಬೀದಿಯ ಡ್ಯೂಯಿ ಕಡೆಯ ಕಾರ್ಯಕರ್ತ. ಪೇಪರ್ ನೋಡಿ ಹೊಸ ಕೋಟು ಹಾಕ್ಕೊಂಡಿದ್ದಾನೆ. ಪೇಟೆಗೆ ಹೋಗಿ ಸಾಲದಲ್ಲಿ ಪಟಾಕಿ ತಂದಿದ್ದಾನೆ. ಎದುರುಮನೆಯವನಿಗೆ ಒಂದು ನಿಗಮ ಮಂಡಳಿ ಕೊಡಿಸ್ತೀನಿ ಅಂತ ಮಾತೂ ಕೊಟ್ಟಾಗಿದೆ. ಆಮೇಲೆ ರೇಡಿಯೊ ಹಾಕ್ತಾನೆ. (ಅಮೆರಿಕದಲ್ಲಿ ನಿಗಮ ಮಂಡಳಿ ಎಲ್ಲಿದೆ ಅಂತ ವಾದಕ್ಕೆ ಬರಬೇಡಿ. ಇರಲೇಬೇಕು. ಟಿಕೆಟ್ ಸಿಗದವರನ್ನು ಅವರಾದರೂ ಎಲ್ಲಿಡ್ತಾರೆ?)

ಇನ್ನು ನ್ಯೂಯಾರ್ಕ್ ಟೈಮ್ಸ್. 1903ರ ಅಕ್ಟೋಬರ್ 9ರಂದು 'ಹಾರದ ಹಾರುಯಂತ್ರಗಳು' ಅನ್ನೋ ತಲೆಬರಹದಡಿ, ಮನುಷ್ಯ ಹಾರುವ ಯಂತ್ರ ಮಾಡೋಕೆ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಹಿಡಿದೀತು ಅಂತ ಬರೆಯಿತು. ಆ 'ಇಂದ' ನೋಡಿ ಎಷ್ಟು ಜವಾಬ್ದಾರಿಯದು! ಎಲ್ಲಿ ಸರಿಯಾಗಿ ಒಂದು ಕೋಟಿ ಅಂದುಬಿಟ್ಟರೆ ನಾಳೆ ತಪ್ಪಾದೀತು ಅನ್ನೋ ಎಚ್ಚರ. 69 ದಿನಕ್ಕೆ, ಡಿಸೆಂಬರ್ 17ರಂದು, ರೈಟ್ ಸೋದರರು ಹಾರಿಬಿಟ್ಟರು. ಅದನ್ನೋದಿ 'ವಿಮಾನಕ್ಕೆ ಭವಿಷ್ಯ ಇಲ್ಲ ಕಣೋ' ಅಂತ ಮಗನನ್ನು ಕುದುರೆಗಾಡಿ ಕಾರ್ಖಾನೆಗೆ ಸೇರಿಸಿದ ಅಪ್ಪ ಒಬ್ಬನಾದರೂ ಇದ್ದೇ ಇರ್ತಾನೆ.

ಅದೇ ಪತ್ರಿಕೆ 1920ರಲ್ಲಿ, ಗಾಳಿಯಿಲ್ಲದ ಕಡೆ ರಾಕೆಟ್ ಕೆಲಸ ಮಾಡಲ್ಲ, ಪಾಪ ರಾಕೆಟ್ ವಿಜ್ಞಾನಿ ಗೊಡಾರ್ಡ್‌ಗೆ ಹೈಸ್ಕೂಲ್ ಮಟ್ಟದ ವಿಜ್ಞಾನವೂ ಬರಲ್ಲ ಅಂತ ಛೇಡಿಸಿತ್ತು. ತಿದ್ದುಪಡಿ ಬಂದದ್ದು 1969ರ ಜುಲೈ 17ಕ್ಕೆ. ಅಪೊಲೊ 11 ಹಿಂದಿನ ದಿನವೇ ಹೊರಟಾಗಿತ್ತು, ಚಂದ್ರನ ದಾರಿ ಮಧ್ಯೆ ಅನುಮತಿ ಸಿಕ್ಕಿತು. ಗೊಡಾರ್ಡ್ ತೀರಿಕೊಂಡು ಆಗಲೇ ಹತ್ತಿರ ಹತ್ತಿರ 24 ವರ್ಷ. ನಮ್ಮಲ್ಲಿ ಪಿಂಚಣಿ ಮಂಜೂರಾತಿ ಪತ್ರ ಬರೋದೂ ಹೆಚ್ಚುಕಮ್ಮಿ ಇದೇ ಲೆಕ್ಕದಲ್ಲಿ, ಹಾಗಾಗಿ ಅವರನ್ನು ಜಾಸ್ತಿ ಬೈಯೋದಿಲ್ಲ.

ನಮ್ಮ ಕಡೆ ಬಂದರೆ, 1962ರ ಅಷ್ಟಗ್ರಹ ಕೂಟವನ್ನು ಬಿಡೋ ಹಾಗೇ ಇಲ್ಲ. ಫೆಬ್ರವರಿ 3ರಿಂದ 5ರವರೆಗೆ ಮಕರ ರಾಶಿಯಲ್ಲಿ ಗ್ರಹಗಳ ಸಭೆ, ಲೋಕಕ್ಕೆ ಪ್ರಳಯ ಅಂತ ದೇಶದ ತುಂಬ ಹೋಮ, ಹವನ, ಭಜನೆ. ಸಾಲ ತಗೊಂಡವರೆಲ್ಲ ನಿಶ್ಚಿಂತೆ. ಲೋಕವೇ ಇಲ್ಲದಿದ್ದ ಮೇಲೆ ಬಡ್ಡಿ ಎಲ್ಲಿಂದ? 6ನೇ ತಾರೀಖು ಬೆಳಿಗ್ಗೆ ಬಾಗಿಲು ತೆಗೆದರೆ ಸಾಹುಕಾರ ನಿಂತಿದ್ದಾನೆ. 'ಏನಪ್ಪಾ, ಲೋಕ ಇದೆಯಲ್ಲ?' 'ಹೌದು ಸಾಹುಕಾರ್ರೇ, ಇದ್ದ ಹಾಗಿದೆ.' 'ಹಂಗಾದ್ರೆ ಅಸಲೂ ಇರ್ಬೇಕಲ್ಲ.'

ಆ ಪ್ರಳಯವನ್ನು ಒಂದಿಷ್ಟೂ ನಂಬದವರು ಅಂದ್ರೆ ರಾಜಕಾರಣಿಗಳೇ. ಅದೇ ಫೆಬ್ರವರಿಯಲ್ಲಿ ಮಹಾಚುನಾವಣೆ. ಲೋಕ 5ಕ್ಕೆ ಮುಳುಗುತ್ತೆ ಅಂತ ಗೊತ್ತಿದ್ದೂ, 19ರಿಂದ ಶುರುವಾಗೋ ಮತದಾನಕ್ಕೆ ಠೇವಣಿ ಕಟ್ಟಿ ಕೂತ ಆ ಧೈರ್ಯವನ್ನು ಮೆಚ್ಚಬೇಕು. ಗ್ರಹಗಳ ಕೆಲಸ ಪೂರ್ತಿ ಸುಳ್ಳಾಯ್ತು ಅಂತಲೂ ಹೇಳೋ ಹಾಗಿಲ್ಲ. ನಮ್ಮ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಅವರ ಬದಲು ಎಸ್.ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾದರು. ಇಡೀ ಭೂಮಂಡಲಕ್ಕೆ ಅಂತ ಹೊರಟ ಎಂಟು ಗ್ರಹ ಕೊನೆಗೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ತೃಪ್ತಿಪಟ್ಟುಕೊಂಡವು.

ಆದರೆ ನನ್ನ ಮೆಚ್ಚಿನ ವರ್ಷ 1979. ಮಾರ್ಚ್ 22ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲಿ ಜಯಪ್ರಕಾಶ ನಾರಾಯಣರು ತೀರಿಕೊಂಡರು ಅಂತ ಪ್ರಕಟಿಸಿದರು. ಶ್ರದ್ಧಾಂಜಲಿ ಸಲ್ಲಿಸಿ ಸದನ ಮುಂದೂಡಿದ್ದೂ ಆಯ್ತು. ಜೆಪಿ ಮುಂಬೈಯ ಆಸ್ಪತ್ರೆಯಲ್ಲಿ ಬದುಕಿದ್ದರು. ನಿಜವಾಗಿ ತೀರಿಕೊಂಡದ್ದು ಅಕ್ಟೋಬರ್ 8ರಂದು. ಅಷ್ಟರಲ್ಲಿ ಮೊರಾರ್ಜಿ ಪ್ರಧಾನಿಯಾಗಿರಲಿಲ್ಲ, ಲೋಕಸಭೆ ಆಗಸ್ಟ್‌ನಲ್ಲೇ ವಿಸರ್ಜನೆ ಆಗಿತ್ತು. ಮನುಷ್ಯ ಇದ್ದಾಗ ಶ್ರದ್ಧಾಂಜಲಿ, ಮನುಷ್ಯ ಹೋದಾಗ ಸಭೆಯೇ ಇಲ್ಲ. ಇದನ್ನು ಕಥೆ ಅಂತ ಬರೆದು ಕಳಿಸಿದ್ದರೆ ಯಾವ ಸಂಪಾದಕನೂ ಒಪ್ತಿರಲಿಲ್ಲ.

ಈ ಎರಡು ದಿನಗಳ ನಡುವೆ ಬಂತು ಸ್ಕೈಲ್ಯಾಬ್. 70 ಟನ್ನಿಗೂ ಹೆಚ್ಚು ತೂಕದ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಕೆಳಕ್ಕೆ ಬೀಳ್ತಿದೆ, ಎಲ್ಲಿ ಅಂತ ಹೇಳೋಕಾಗಲ್ಲ ಅನ್ನೋದು ಸುದ್ದಿ. ಚೂರು ಯಾರಿಗಾದರೂ ತಗಲುವ ಸಾಧ್ಯತೆ 152ರಲ್ಲಿ ಒಂದು ಅಂತ ನಾಸಾ ಲೆಕ್ಕ ಕೊಟ್ಟಿತ್ತು. ಇಡೀ ಭೂಮಿಯ ಜನಕ್ಕೆಲ್ಲ ಸೇರಿಸಿ ಹೇಳಿದ ಲೆಕ್ಕ ಅದು. ನಮ್ಮ ಸೋದರಮಾವನ ಊರಲ್ಲಿ ಆಗ ಇದ್ದದ್ದೇ ನೂರೈವತ್ತು ಚಿಲ್ಲರೆ ಮನೆ. ಅಂದರೆ ಒಂದು ಮನೆಗಂತೂ ಗ್ಯಾರಂಟಿ! ಯಾವುದಕ್ಕೆ ಅನ್ನೋದರ ಮೇಲೆ ಅರಳಿಕಟ್ಟೆಯಲ್ಲಿ ಚರ್ಚೆ ನಡೆದು, ಊರಿನ ಕೋಳಿಗಳೆಲ್ಲ ಒಂದೇ ವಾರದಲ್ಲಿ ಖಾಲಿ ಆದವಂತೆ. 'ಸತ್ತರೆ ಸಾರು ಕುಡಿದೇ ಸಾಯೋಣ ಅಂದ್ಕೊಂಡ್ವಿ ಕಣಯ್ಯಾ' ಅಂತಾನೆ ಮಾವ. ಜುಲೈ 11ರ ರಾತ್ರಿ ಅದು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಬಿತ್ತು. ಮಾರನೇ ಬೆಳಿಗ್ಗೆ ಊರನ್ನು ಎಬ್ಬಿಸೋಕೆ ಒಂದು ಹುಂಜ ಉಳಿದಿರಲಿಲ್ಲ.

ಆಸ್ಟ್ರೇಲಿಯಾದವರು ಇದನ್ನು ಚೆನ್ನಾಗಿ ನಿಭಾಯಿಸಿದರು. ಎಸ್ಪರೆನ್ಸ್ ಅನ್ನೋ ಊರಿನ ಆಡಳಿತ, ಕಸ ಚೆಲ್ಲಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿತು. ಮೊದಲ ಚೂರು ತಂದವರಿಗೆ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯೊಂದು ಇಟ್ಟಿದ್ದ 10,000 ಡಾಲರ್ ಬಹುಮಾನವನ್ನು ಅಲ್ಲಿನ 17 ವರ್ಷದ ಹುಡುಗ ಹೊಡೆದುಕೊಂಡ.

ಅದು ಮಾವನ ಊರಲ್ಲೇ ಬಿದ್ದಿದ್ದರೆ? ಮೊದಲು ಗ್ರಾಮ ಲೆಕ್ಕಿಗರು ಬಂದು ಬಿದ್ದದ್ದು ಗೋಮಾಳದಲ್ಲೋ ಹಿಡುವಳಿಯಲ್ಲೋ ಅಂತ ಕೇಳ್ತಿದ್ದರು. ಪೊಲೀಸರ ಮಹಜರಿಗೆ ಪಂಚರೇ ಸಿಗ್ತಿರಲಿಲ್ಲ, ಆಮೇಲೆ ಕೋರ್ಟಿಗೆ ಅಲೆಯೋದು ಯಾರು? ಜಮೀನಿನ ಪಹಣಿಯಲ್ಲಿ ಋಣದ ಕಾಲಂಗೆ 'ನಾಸಾ' ಅಂತ ಸೇರಿಕೊಂಡು, ಮೊಮ್ಮಕ್ಕಳಿಗೆ ಇವತ್ತಿಗೂ ಬೆಳೆ ಸಾಲ ಹುಟ್ತಿರಲಿಲ್ಲ. ತಹಸೀಲ್ದಾರರ ಆದೇಶ ಬರೋದರೊಳಗೆ ಯಾರೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎರಡನೇ ವಾರಕ್ಕೆ ಚಪ್ಪರ, ಮೂರನೇ ವಾರಕ್ಕೆ ಹುಂಡಿ, ನಾಲ್ಕನೇ ವಾರಕ್ಕೆ ಹುಂಡಿಯ ಮೇಲೆ ಮೇಲ್ಕೇರಿಯವರಿಗೂ ಕೆಳಕೇರಿಯವರಿಗೂ ದಾವೆ. ಕೇಸು ಇನ್ನೂ ನಡೀತಿರುತ್ತೆ. ಊರಿನ ಮೂಲ ಹೆಸರು ಮರೆತೇ ಹೋಗಿ, ಸಂಜೆ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗ್ತಿರ್ತಾನೆ: 'ಯಾರ್ರೀ ಸ್ಕೈಲ್ಯಾಬ್ ಗೇಟು, ಬೇಗ ಇಳೀರಿ, ಚಿಲ್ಲರೆ ಆಮೇಲೆ ಕೊಡ್ತೀನಿ!'