340 ಕಾಡಾನೆಗಳು

ಆಲ್ದೂರು, ಮೂಡಿಗೆರೆ ಕಡೆಯ ತೋಟದ ಮನೆಗಳ ಲ್ಯಾಪ್‌ಟಾಪಿನಲ್ಲಿ ಕಾಫಿ ಲೆಕ್ಕ ಇರುತ್ತದೋ ಇಲ್ಲವೋ, ವಲಯ ಅರಣ್ಯಾಧಿಕಾರಿಗಳಿಗೆ ಬರೆಯುವ ಅರ್ಜಿಯ ಒಂದು ಪ್ರತಿ ಸದಾ ಸಿದ್ಧವಾಗಿರುತ್ತದೆ. ದಿನಾಂಕ, ಸರ್ವೆ ನಂಬರು, ಆನೆ ಎಷ್ಟು, ಬಾಳೆ ಎಷ್ಟು ಎಂಬುದನ್ನು ತಿದ್ದಿದರೆ ಕೆಲಸ ಮುಗಿಯಿತು. 'ನಿನ್ನೆ ರಾತ್ರಿ 3 ಕಾಡಾನೆಗಳು ತೋಟಕ್ಕೆ ನುಗ್ಗಿ 40 ಬಾಳೆಗಿಡಗಳನ್ನು ತುಳಿದು ಹಾಕಿವೆ' ಎಂದಾಗಬೇಕು. ಹಳೆಯ ಅರ್ಜಿಯ ಬಾಳೆಲೆಕ್ಕವನ್ನು ಅಳಿಸಿದ್ದಾಯಿತು, 40 ಎಂದು ಒತ್ತಿದ್ದೂ ಆಯಿತು. ಅಷ್ಟರಲ್ಲಿ ಕರ್ಸರ್ ಸದ್ದಿಲ್ಲದೆ ಹಿಂದಕ್ಕೆ ಜಿಗಿದು 3ರ ಪಕ್ಕ ಕೂತಿತ್ತು. ಪ್ರಿಂಟರಿನಿಂದ ಹೊರಬಂದ ಕಾಗದದಲ್ಲಿ 340 ಕಾಡಾನೆಗಳು ತೋಟಕ್ಕೆ ನುಗ್ಗಿದ್ದವು. ಬಾಳೆಗಿಡ ಎಷ್ಟು ಹೋಯಿತೆಂಬ ಲೆಕ್ಕವೇ ಇರಲಿಲ್ಲ. ಅಷ್ಟು ಆನೆ ಬಂದ ಮೇಲೆ ಎಣಿಸುವುದಕ್ಕೆ ಯಾರು ಉಳಿದಿರುತ್ತಾರೆ?

ಇಂಥ ಹೊತ್ತಿನಲ್ಲಿ ಮನೆಯ ಒಬ್ಬೊಬ್ಬರದು ಒಂದೊಂದು ವೈದ್ಯ. 'ವೈರಸ್ ಬಂದಿದೆ ಮಾರಾಯ್ರೇ' ಎಂದು ಒಬ್ಬರು. 'ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗ್ತದೆ ಅಪ್ಪಾ' ಎಂದು ಕಾಲೇಜಿಗೆ ಹೋಗುವ ಮಗ. 'ಆ ಹಾಳು ಡಬ್ಬ ಎತ್ತಿಟ್ಟು ಪೆನ್ನಲ್ಲಿ ಬರೀರಿ' ಎಂದು ಅಡುಗೆ ಮನೆಯಿಂದ. ಮೂರರಲ್ಲಿ ಕೊನೆಯದಷ್ಟೇ ಕೆಲಸಕ್ಕೆ ಬರುವ ಸಲಹೆ. ಫಾರ್ಮ್ಯಾಟ್ ಹೊಡೆದರೆ ಮದುವೆ ಫೋಟೋ ಹೋಗುತ್ತದೆ, ಕರ್ಸರ್ ಮಾತ್ರ ಮೊದಲಿನ ಹಾಗೆಯೇ ಕುಣಿಯುತ್ತದೆ. ಏಕೆಂದರೆ ಕಳ್ಳ ಲ್ಯಾಪ್‌ಟಾಪಿನೊಳಗಿಲ್ಲ. ಬರೆಯುವವರ ಕೈಯಲ್ಲೇ ಇದ್ದಾನೆ. ಅವನ ಹೆಸರು ಹೆಬ್ಬೆರಳು.

ಬೇಕಾದರೆ ಟೈಪ್ ಮಾಡುವವರ ಪಕ್ಕ ಬಗ್ಗಿ ಕೂತು ನೋಡಿ. ಉಳಿದ ಎಂಟು ಬೆರಳು ಅಕ್ಷರದ ಮೇಲೆ ಓಡಾಡುತ್ತಿರುತ್ತವೆ. ಹೆಬ್ಬೆರಳಿಗೆ ಇರುವುದು ಒಂದೇ ಕೆಲಸ, ಸ್ಪೇಸ್ ಬಾರ್. ಪದ ಮುಗಿಯುವವರೆಗೆ ಅದು ಬಸ್ಸಿಗೆ ಕಾಯುವವನ ಹಾಗೆ ತೂಗಾಡುತ್ತಿರುತ್ತದೆ. ಸ್ಪೇಸ್ ಬಾರಿನಿಂದ ಒಂದು ಬೆರಳು ಕೆಳಗೆ ಟಚ್‌ಪ್ಯಾಡಿನ ಮೇಲಂಚು. ಸ್ಪೇಸ್ ಒತ್ತಿ ಮೇಲೇಳುವಾಗ ಹೆಬ್ಬೆರಳಿನ ಬದಿ ಆ ಅಂಚಿಗೆ ನವಿರಾಗಿ ಸವರುತ್ತದೆ. ಒತ್ತುವುದೇ ಬೇಡ, ತಾಕಿದರೆ ಸಾಕು. ಟಚ್‌ಪ್ಯಾಡಿನ ಹಲಗೆಯ ಕೆಳಗೆ ಬಲೆಯ ಹಾಗೆ ಹೆಣೆದ ಎಲೆಕ್ಟ್ರೋಡ್‌ಗಳಿವೆ. ವಿದ್ಯುತ್ ಹರಿಯಬಲ್ಲ ದೇಹ ಹತ್ತಿರ ಬಂದರೆ ಅಲ್ಲಿನ ಕೆಪ್ಯಾಸಿಟೆನ್ಸ್, ಅಂದರೆ ವಿದ್ಯುದಂಶ ಹಿಡಿದಿಡುವ ಶಕ್ತಿ, ತುಸು ಬದಲಾಗುತ್ತದೆ, ಅದನ್ನು ಅದು 'ಮುಟ್ಟಿದರು' ಎಂದು ಓದಿಕೊಳ್ಳುತ್ತದೆ. ಬೇಕೆಂದೇ ಮುಟ್ಟಿದಿರೋ ಅರಿಯದೆ ತಾಕಿತೋ ಎಂಬ ವ್ಯತ್ಯಾಸ ಅದಕ್ಕೆ ಸುಲಭಕ್ಕೆ ತಿಳಿಯದು. ಇಡೀ ಅಂಗೈ ಬಿದ್ದರೆ ದೊಡ್ಡ ಗುರುತು ಮೂಡುವುದರಿಂದ 'ಇದು ಬೆರಳಲ್ಲ' ಎಂದು ತಳ್ಳಿಹಾಕುತ್ತದೆ. ಹೆಬ್ಬೆರಳಿನ ಬದಿಯ ಗುರುತು ಪುಟ್ಟದು, ಥೇಟ್ ಬೆರಳ ತುದಿಯಂತೆಯೇ ಕಾಣುತ್ತದೆ. ಅದಕ್ಕೇ ಒಳಗೆ ಬಿಟ್ಟುಕೊಳ್ಳುತ್ತದೆ.

ಇಲ್ಲೊಂದು ಸಣ್ಣ ಮಾತು ತಲೆಗೆ ಹೊಕ್ಕರೆ ಅರ್ಧ ಕಾಯಿಲೆ ವಾಸಿ. ಪರದೆಯ ಮೇಲೆ ಓಡಾಡುವ ಬಾಣವೇ ಬೇರೆ, ಅಕ್ಷರ ಮೂಡುವ ಕಡೆ ಮಿಣುಕುವ ಗೀಟೇ ಬೇರೆ. ಬಾಣ ಎಷ್ಟು ಅಲೆದಾಡಿದರೂ ನಿಮ್ಮ ಅರ್ಜಿಯ ಕೂದಲೂ ಕೊಂಕುವುದಿಲ್ಲ. ಗೀಟು ಜಾಗ ಬಿಡುವುದು ಕ್ಲಿಕ್ ಆದಾಗ. ಟಚ್‌ಪ್ಯಾಡಿಗೆ 'ತಟ್ಟಿದರೆ ಕ್ಲಿಕ್' ಎಂಬ ಸೌಲಭ್ಯ ಇರುವುದರಿಂದ ಹೆಬ್ಬೆರಳಿನ ಒಂದು ಸವರಿಕೆ ಬಾಣವನ್ನು ತುಸು ಸರಿಸುತ್ತದೆ, ಮುಂದಿನ ಸವರಿಕೆ ಅಲ್ಲೇ ಕ್ಲಿಕ್ ಒತ್ತುತ್ತದೆ. ಗೀಟು ಬಾಣವಿದ್ದಲ್ಲಿಗೆ ಹಾರುತ್ತದೆ. ಅದಕ್ಕೇ ಅದು ಯಾವಾಗಲೂ ಬಾಣ ನಿಂತಿದ್ದ ಸಾಲಿಗೇ ಜಿಗಿಯುವುದು. ಇನ್ನೊಮ್ಮೆ ಜಿಗಿದಾಗ ಗಮನಿಸಿ.

ಹಾಗಾಗಿ ಮೊದಲ ಮದ್ದು ಆ ತಟ್ಟುವಿಕೆಯನ್ನೇ ನಿಲ್ಲಿಸುವುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಬ್ಲೂಟೂತ್ ಅಂಡ್ ಡಿವೈಸಸ್ ಒಳಗೆ ಟಚ್‌ಪ್ಯಾಡ್, ಅದರಲ್ಲಿ ಟ್ಯಾಪ್ಸ್. ವಿಂಡೋಸ್ 10 ಇದ್ದರೆ ಡಿವೈಸಸ್ ಒಳಗೇ ಟಚ್‌ಪ್ಯಾಡ್ ಸಿಗುತ್ತದೆ. ಒಂದು ಬೆರಳಲ್ಲಿ ತಟ್ಟಿದರೆ ಕ್ಲಿಕ್ ಆಗುವ ಸಾಲಿನ ಟಿಕ್ ತೆಗೆಯಿರಿ. ಎರಡು ಸಲ ತಟ್ಟಿ ಎಳೆದರೆ ಆಯ್ಕೆಯಾಗುವ ಸಾಲಿನದನ್ನೂ ಮರೆಯದೆ ತೆಗೆಯಿರಿ. ಎರಡನೆಯದೇ ನಿಜವಾದ ಪಾತಕಿ. ಕೈ ತಾಕಿ ಎಳೆದಷ್ಟೂ ವಾಕ್ಯ ನೀಲಿಯಾಗಿ ಆಯ್ಕೆಯಾಗುತ್ತದೆ, ನೀವು ಕೀಬೋರ್ಡ್ ನೋಡುತ್ತಾ ಮುಂದಿನ ಅಕ್ಷರ ಒತ್ತುತ್ತೀರಿ, ಇಡೀ ಪ್ಯಾರಾ ಮಾಯವಾಗಿ ಅದರ ಜಾಗದಲ್ಲಿ ಒಂದು 'ಕ' ಕುಳಿತಿರುತ್ತದೆ. ಈ ಎರಡು ಟಿಕ್ ಹೋದ ಮೇಲೆ ಕ್ಲಿಕ್ ಮಾಡಲು ಪ್ಯಾಡನ್ನು ಟಕ್ ಎನ್ನುವ ಹಾಗೆ ಒತ್ತಬೇಕು. ಎರಡು ದಿನ ಸಿಟ್ಟು ಬರುತ್ತದೆ, ಮೂರನೆಯ ದಿನ ಅಭ್ಯಾಸವಾಗುತ್ತದೆ.

ಒತ್ತುವುದಕ್ಕೆ ಮನಸ್ಸಿಲ್ಲದವರಿಗೆ ಅದೇ ಪುಟದಲ್ಲಿ ಟಚ್‌ಪ್ಯಾಡ್ ಸೆನ್ಸಿಟಿವಿಟಿ ಎಂಬ ಪಟ್ಟಿ ಇದೆ. ಮೋಸ್ಟ್, ಹೈ, ಮೀಡಿಯಂ, ಲೋ ಎಂದು ನಾಲ್ಕು ಮೆಟ್ಟಿಲು. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಮೀಡಿಯಂ ಇರುತ್ತದೆ. ನಿಮ್ಮದರಲ್ಲಿ ಮೋಸ್ಟ್ ಇದ್ದರೆ ಫಾರ್ಮ್ಯಾಟ್ ಹೊಡೆಯಲು ಹೇಳಿದ ಮಗನನ್ನು ಕರೆದು ಮೆಲ್ಲಗೆ ವಿಚಾರಿಸಿ. ಕೀಲಿ ಒತ್ತಿ ಹಿಡಿದಾಗ ಟಚ್‌ಪ್ಯಾಡ್ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ಳುತ್ತದೆ. ಅದು ನಮಗೆ ವರ, ಗೇಮ್ ಆಡುವವರಿಗೆ ಶಾಪ, ಓಡುತ್ತಾ ಗುರಿ ಇಡಲಾಗುವುದಿಲ್ಲ. ಅದಕ್ಕೇ ಅವರು ಸೆನ್ಸಿಟಿವಿಟಿಯನ್ನು ಮೇಲಿನ ಮೆಟ್ಟಿಲಿಗೆ ಏರಿಸಿಟ್ಟಿರುತ್ತಾರೆ. ಲೋ ಮಾಡಿ. ಬರೆದು ನಿಲ್ಲಿಸಿದ ಕೂಡಲೇ ಬಾಣ ಅಲ್ಲಾಡಲು ಅರೆಕ್ಷಣ ತಡಮಾಡುತ್ತದೆ, ಅದು ಕೆಟ್ಟಿದ್ದಲ್ಲ, ನಿಮ್ಮನ್ನು ಕಾಯುತ್ತಿರುವುದು.

ಹಳೆಯ ಯಂತ್ರಗಳಲ್ಲಿ ಈ ಪಟ್ಟಿ ಕಾಣದಿದ್ದರೆ ಮೌಸ್ ಪುಟದ ಕೊನೆಯಲ್ಲಿ ಅಡಿಷನಲ್ ಮೌಸ್ ಆಪ್ಷನ್ಸ್ ಇರುತ್ತದೆ, ಅಲ್ಲಿನ ಕೊನೆಯ ಟ್ಯಾಬಿನಲ್ಲಿ ಸಿನಾಪ್ಟಿಕ್ಸ್ ಅಥವಾ ಎಲಾನ್ ಎಂಬ ಪ್ಯಾಡ್ ತಯಾರಕರ ಹೆಸರು. ಒಳಗೆ ಪಾಮ್ ಚೆಕ್ ಅಥವಾ ಪಾಮ್ ಟ್ರ್ಯಾಕಿಂಗ್ ಎಂಬ ಜಾರುಪಟ್ಟಿಯನ್ನು ಹೆಚ್ಚಿನ ಕಡೆಗೆ ಎಳೆಯಿರಿ. ಲಿನಕ್ಸ್‌ನವರಿಗೆ 'ಟೈಪ್ ಮಾಡುವಾಗ ಟಚ್‌ಪ್ಯಾಡ್ ನಿಲ್ಲಿಸು' ಎಂಬ ಗುಂಡಿ, ಪರದೆಯನ್ನು ನಡೆಸುವ ಹೊಸ ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲೂ ಹಳೆಯದರ ಟ್ವೀಕ್ಸ್‌ನಲ್ಲೂ ಇದೆ. ಇದೇ ಕೆಲಸಕ್ಕೆ ಇನ್ನೂ ಹಳೆಯ ಕಾಲದ ತಂತ್ರಾಂಶ ಸಿನ್‌ಡೀಮನ್ ಬಳಸುತ್ತಿದ್ದರೆ ಅದು ಕೊನೆಯ ಕೀಲಿಯ ನಂತರ 2 ಸೆಕೆಂಡ್ ಸುಮ್ಮನಿರುತ್ತದೆ, 1ಕ್ಕೆ ಇಳಿಸಿಕೊಂಡರೆ ಸಹ್ಯ. ಲಿನಕ್ಸ್‌ನಲ್ಲಿ ಮೂರು ಬೆರಳು ಒಟ್ಟಿಗೆ ತಾಕಿದರೆ ಹಿಂದೆ ಆಯ್ಕೆ ಮಾಡಿದ್ದ ಸಾಲು ತಾನೇ ಬಂದು ಅಂಟಿಕೊಳ್ಳುವುದೂ ಉಂಟು. ಅರ್ಜಿಯ ನಡುವೆ ಕೋಳಿ ಸಾರಿನ ಮಸಾಲೆ ಪಟ್ಟಿ ಪ್ರತ್ಯಕ್ಷವಾದರೆ ಗಾಬರಿ ಬೇಡ.

ಹೊರಗಿನ ಮೌಸ್ ಇರುವವರ ಹಾದಿ ಇನ್ನೂ ಸಲೀಸು. ಮೌಸ್ ಜೋಡಿಸಿದಾಗಲೂ ಟಚ್‌ಪ್ಯಾಡ್ ಚಾಲೂ ಇರಲಿ ಎಂಬ ಟಿಕ್ ತೆಗೆದುಬಿಟ್ಟರೆ ಆಯಿತು, ಮೌಸ್ ಕಿತ್ತ ಕೂಡಲೇ ಪ್ಯಾಡ್ ಎಚ್ಚರಾಗುತ್ತದೆ. ಆದರೆ ವೈರ್‌ಲೆಸ್ ಮೌಸನ್ನು ಆಫ್ ಮಾಡದೆ ಚೀಲಕ್ಕೆ ಹಾಕಿ, ಅದರ ಪುಟ್ಟ ರಿಸೀವರನ್ನು ಲ್ಯಾಪ್‌ಟಾಪಿನಲ್ಲೇ ಬಿಟ್ಟವರಿದ್ದಾರೆ. ಬೆಂಚಿನ ಮೇಲಿನ ಚೀಲವನ್ನು ಬೆಕ್ಕು ಅಲ್ಲಾಡಿಸಿದಾಗಲೆಲ್ಲ ಪರದೆಯ ಮೇಲೆ ಬಾಣ ಓಡುತ್ತದೆ. ಟಚ್‌ಪ್ಯಾಡಿಗೆ ಬೈಯುವ ಮೊದಲು ಒಮ್ಮೆ ರಿಸೀವರ್ ಕಿತ್ತು ನೋಡಿ.

ಸೆಟ್ಟಿಂಗ್ಸ್ ಮುಟ್ಟಲು ಹೆದರುವವರು ದಪ್ಪ ರಟ್ಟನ್ನು ಪ್ಯಾಡಿನ ಮೇಲೆ ಅಂಟಿಸುತ್ತಾರೆ. ತೆಳು ಕಾಗದದ ಮೂಲಕವೂ ಟಚ್‌ಪ್ಯಾಡಿಗೆ ಬೆರಳು ಕಾಣುತ್ತದೆ, ಆದ್ದರಿಂದ ನೋಟ್‌ಬುಕ್ ಹಾಳೆ ಸಾಲದು. ಮದುವೆಯ ಕರೆಯೋಲೆಯ ದಪ್ಪ ಬೇಕು. ಚಿನ್ನದ ಬಣ್ಣದ ಗಣಪತಿ ಅಚ್ಚಾಗಿರುವ ಭಾಗ ಮಾತ್ರ ಬೇಡ, ಆ ಹೊಳಪು ಲೋಹದ ಪದರ, ಪ್ಯಾಡನ್ನು ಇನ್ನಷ್ಟು ಗಲಿಬಿಲಿ ಮಾಡಬಹುದು. ಮುಚ್ಚಳ ಹಾಕುವ ಮೊದಲು ರಟ್ಟು ತೆಗೆಯುವುದು ಕಡ್ಡಾಯ. ಮರೆತು ಒತ್ತಿ ಮುಚ್ಚಿದರೆ ಪರದೆ ಬಿರಿಯುತ್ತದೆ. ಆಮೇಲೆ ಕರ್ಸರ್ ಎಲ್ಲಿದೆಯೆಂಬ ಚಿಂತೆಯೇ ಇರುವುದಿಲ್ಲ.

ಲೋಹ ಎಂದಾಗ ಬಳೆಯ ವಿಷಯವನ್ನೂ ಹೇಳಿಬಿಡಬೇಕು. ಗಾಜಿನ ಬಳೆ ಬಹುಮಟ್ಟಿಗೆ ನಿರಪರಾಧಿ. ಚಿನ್ನದ ಬಳೆ, ಸ್ಟೀಲ್ ಪಟ್ಟಿಯ ವಾಚು, ತಾಮ್ರದ ಕಡಗ ಚರ್ಮಕ್ಕೆ ತಾಗಿಕೊಂಡಿರುವುದರಿಂದ ಪ್ಯಾಡಿನ ಪಾಲಿಗೆ ಅವೂ ನಿಮ್ಮ ಬೆರಳೇ. ಜಾರಿ ತಾಕಿದರೆ ಕ್ಲಿಕ್.

ಕೂರುವ ಭಂಗಿಯೂ ಒಂದು ಕಾರಣ, ಆದರೆ ಅದನ್ನು ಯಾರೂ ನಂಬುವುದಿಲ್ಲ. ದೊಡ್ಡ ಲ್ಯಾಪ್‌ಟಾಪಿನಲ್ಲಿ ಬಲಗಡೆ ಅಂಕಿಗಳ ಗುಂಪು ಪ್ರತ್ಯೇಕವಾಗಿ ಇರುವುದರಿಂದ ಅಕ್ಷರಗಳೂ ಟಚ್‌ಪ್ಯಾಡೂ ಎಡಕ್ಕೆ ಸರಿದಿರುತ್ತವೆ. ನಾವೋ ಪರದೆಯ ನಟ್ಟನಡುವೆ ಕೂರುತ್ತೇವೆ. ಆಗ ಬಲಗೈ ಓರೆಯಾಗಿ ಬಂದು ನೇರ ಪ್ಯಾಡಿನ ಮೇಲೆ ಪವಡಿಸುತ್ತದೆ. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆ ಇದೆಯಲ್ಲ, ಅವೆರಡರ ನಡುವೆ ನಿಮ್ಮ ಮೂಗು ಬರುವಂತೆ ಕುರ್ಚಿ ಎಳೆದುಕೊಳ್ಳಿ. ಟೇಬಲ್ ಎತ್ತರವಾದರೆ ಮಣಿಕಟ್ಟು ಕುಸಿಯುತ್ತದೆ, ಕೆಳಗೊಂದು ದಿಂಬು ಹಾಕಿ ಕೂತರೆ ಏಳುತ್ತದೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಸೀನಿಯರ್ ಪಾಸು ಮಾಡಿದ ಹಿರಿಯರಿಗೆ ಈ ಕಾಯಿಲೆ ಅಪರೂಪ. ಟೈಪ್‌ರೈಟರಿನಲ್ಲಿ ಕೈ ಊರಲು ಜಾಗವೇ ಇರಲಿಲ್ಲ. ಕೀಬೋರ್ಡನ್ನು ಪರದೆಯತ್ತ ತಳ್ಳಿ ಮುಂದೆ ಅಂಗೈಗೊಂದು ಜಗುಲಿ ಕಟ್ಟುವ ವಿನ್ಯಾಸವನ್ನು ಜನಪ್ರಿಯ ಮಾಡಿದ್ದು 1991ರ ಆಪಲ್ ಪವರ್‌ಬುಕ್. ಆಗ ಜಗುಲಿಯ ಮಧ್ಯೆ ಉರುಳುವ ಟ್ರ್ಯಾಕ್‌ಬಾಲ್ ಇತ್ತು. 1994ರ ಪವರ್‌ಬುಕ್ 500ರಲ್ಲಿ ಅದರ ಜಾಗಕ್ಕೆ ಟಚ್‌ಪ್ಯಾಡ್ ಬಂತು. ಜಗುಲಿ ಕಟ್ಟಿ ಕೂರಿ ಎಂದವರೇ ನಡುವೆ ಚೇಳನ್ನೂ ಬಿಟ್ಟರು.

ಇಷ್ಟು ಮಾಡಿದ ಮೇಲೂ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಾಗಲೂ ಬಾಣ ನಡುಗಿದರೆ ವಿಷಯ ಬೇರೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಐದು ನಿಮಿಷ ನೋಡಿ. ನಡುಕ ನಿಂತರೆ ತಪ್ಪು ಕರೆಂಟಿನ ಕಡೆಯದು. ಚಾರ್ಜರಿನ ಗದ್ದಲ ಭೂಮಿಗೆ ಇಳಿಯಲು ದಾರಿ ಸಿಗದೆ ಟಚ್‌ಪ್ಯಾಡಿನ ಸೂಕ್ಷ್ಮ ಅಳತೆಯನ್ನು ಕೆಡಿಸುತ್ತಿರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಸವರಿದಾಗ ಜುಮ್ಮೆನ್ನುವುದು, ಟೆಸ್ಟರ್ ಇಟ್ಟರೆ ಮಂಕಾಗಿ ಮಿನುಗುವುದು ಇದೇ ಕಾರಣಕ್ಕೆ. ಚಾರ್ಜರಿನ ಪ್ಲಗ್ಗಿಗೆ ಮೂರು ಕಾಲು, ಅದನ್ನು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸಿಗೂ ಮೂರು ತೂತು, ಬಾಕ್ಸಿನ ಇನ್ನೊಂದು ತುದಿಯಲ್ಲಿ ಮಾತ್ರ ಎರಡೇ ಕಾಲಿನ ಪ್ಲಗ್. ಅರ್ಥಿಂಗಿನ ಕಥೆ ಅಲ್ಲಿಗೆ ಮುಗಿಯಿತು. ಮೊದಲು ಆ ಬಾಕ್ಸ್ ಬಿಟ್ಟು ಗೋಡೆಯ ಮೂರು ಪಿನ್ ಸಾಕೆಟ್ಟಿಗೇ ಹಾಕಿ. ಹಳೆಯ ತೋಟದ ಮನೆಗಳಲ್ಲಿ ಸಾಕೆಟ್ಟಿನ ದಪ್ಪ ತೂತಿಗೆ ಹಿಂದೆ ತಂತಿಯೇ ಇರದಿರುವುದೂ ಉಂಟು. ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟಾಗ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್ ತೋರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿರುತ್ತಾರೆ, ತೇವ ಇದ್ದರಷ್ಟೇ ಅದು ಕೆಲಸ ಮಾಡುವುದು. ಮಲೆನಾಡಿನ ಆರಿದ್ರಾ, ಪುನರ್ವಸು ಮಳೆಯಲ್ಲಿ ಆ ಚಿಂತೆ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವವರು ಈ ಗುಂಡಿಗೂ ಎರಡು ಬಕೆಟ್ ನೀರು ಹೊಯ್ದರೆ ಕರ್ಸರಿಗೆ ಸಮಾಧಾನ.

ಮಳೆಗಾಲದ ತಂಟೆ ಇನ್ನೊಂದು ಬಗೆಯದು. ಕೊಪ್ಪೆ, ರೈನ್‌ಕೋಟು ಕಳಚಿ ಒದ್ದೆ ತೋಳಿನಲ್ಲೇ ಕೂತರೆ ಪ್ಯಾಡಿನ ಮೇಲೆ ಬಿದ್ದ ಹನಿಯೂ ಅದಕ್ಕೆ ಬೆರಳೇ. ಅಕ್ಕಿ ರೊಟ್ಟಿಯ ತುಪ್ಪದ ಕೈ ಇನ್ನೊಂದು ಶತ್ರು, ಜಿಡ್ಡಿನ ಮೇಲೆ ಧೂಳು ಕೂತು ಬೆರಳು ಎಳೆದಲ್ಲೆಲ್ಲ ತಡವರಿಸುತ್ತದೆ. ಯಂತ್ರ ಆಫ್ ಮಾಡಿ, 70 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೆದು ಬಟ್ಟೆಗೆ ತುಸು ಹಾಕಿಕೊಂಡು ಒರೆಸಿ. ನೇರ ಪ್ಯಾಡಿಗೆ ಸುರಿಯಬೇಡಿ, ಅಂಚಿನ ಸಂದಿಯಿಂದ ಒಳಗಿಳಿಯುತ್ತದೆ.

ನಗದೆ ಹೇಳಬೇಕಾದ ಸಂಗತಿ ಒಂದೇ ಒಂದು. ಪ್ಯಾಡ್ ಅಕ್ಕಪಕ್ಕದ ಮಟ್ಟಕ್ಕಿಂತ ಉಬ್ಬಿದ್ದರೆ, ಒತ್ತಿದರೆ ಟಕ್ ಎನ್ನದಿದ್ದರೆ, ಊಟದ ಟೇಬಲ್ ಮೇಲಿಟ್ಟಾಗ ಲ್ಯಾಪ್‌ಟಾಪ್ ಒಂದು ಮೂಲೆಯಲ್ಲಿ ಗಡಗಡ ಆಡಿದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಎಷ್ಟೋ ಮಾದರಿಗಳಲ್ಲಿ ಬ್ಯಾಟರಿ ಇರುವುದು ಅಂಗೈ ಊರುವ ಜಾಗದ ಅಡಿಯಲ್ಲೇ. ಲಿಥಿಯಂ ಕೋಶದಲ್ಲಿ ಅನಿಲ ತುಂಬಿ ಅದು ಪ್ಯಾಡನ್ನು ಕೆಳಗಿನಿಂದ ನೂಕುತ್ತದೆ, ಆಗ ನೀವು ಮುಟ್ಟದೆಯೂ ಕ್ಲಿಕ್ ಆಗುತ್ತಿರುತ್ತದೆ. ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಒತ್ತಿ ಒಳಗೆ ಕೂರಿಸಲು ಹೋಗಬೇಡಿ, ಸೂಜಿ ಚುಚ್ಚಿ ಗಾಳಿ ಬಿಡುವ ಸಾಹಸ ಬೇಡವೇ ಬೇಡ, ಬೆಂಕಿ ಹೊತ್ತಿಕೊಳ್ಳುತ್ತದೆ. ತಿಳಿದವರ ಕೈಯಲ್ಲಿ ಬೇರೆ ಬ್ಯಾಟರಿ ಹಾಕಿಸಿ. ಹಳೆಯದು ತಿಪ್ಪೆಗೂ ಹೋಗಬಾರದು, ಬಚ್ಚಲ ಒಲೆಗೂ ಹೋಗಬಾರದು.

ಇನ್ನು ಕರ್ಸರ್ ಈಗಾಗಲೇ ಜಿಗಿದು ಅನಾಹುತ ಆಗಿರುವವರಿಗೆ. ಮೊದಲು ಕೈ ಎತ್ತಿ, ಆಮೇಲೆ ಕಂಟ್ರೋಲ್ ಜೊತೆ ಝಡ್. ಮಾಯವಾದ ಪ್ಯಾರಾ ವಾಪಸು ಬರುತ್ತದೆ. ವರ್ಡ್‌ನಲ್ಲಿ ಶಿಫ್ಟ್ ಜೊತೆ ಎಫ್5 ಒತ್ತಿದರೆ ನೀವು ಕೊನೆಯದಾಗಿ ತಿದ್ದುತ್ತಿದ್ದ ಜಾಗಗಳಿಗೆ ಒಂದೊಂದಾಗಿ ಕರೆದೊಯ್ಯುತ್ತದೆ. ಅದರ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ, ಆಯ್ಕೆಯಾದ ಪಠ್ಯದ ಮೇಲೆ ಟೈಪ್ ಮಾಡಿದರೆ ಅಳಿಸಿಹೋಗುವ ಸಾಲಿನ ಟಿಕ್ ತೆಗೆದಿಟ್ಟರೆ ಪ್ಯಾರಾ ನುಂಗುವ ಕಾಟವೇ ಇಲ್ಲ. ಕನ್ನಡ ಬರೆಯುವವರಿಗೆ ಒಂದು ಹೆಚ್ಚುವರಿ ಸಂಕಟವೂ ಇದೆ. ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. 'ಅರಣ್ಯ' ಬರೆಯುವಾಗ ಣ ಆಗಿ ಎಫ್ ಆಗಿ, ಯ ಬರುವಷ್ಟರಲ್ಲಿ ಗೀಟು ಹಾರಿದರೆ ಇಲ್ಲಿ 'ಅರಣ್' ಎಂದು ಅರ್ಧಕ್ಕೆ ನಿಂತಿರುತ್ತದೆ, ಆ 'ಯ' ಇನ್ಯಾವುದೋ ಪದದ ಬಾಲಕ್ಕೆ ಅಂಟಿರುತ್ತದೆ. ಕಣ್ಣಿಗೆ ಬೀಳುವುದು ಇಲ್ಲಿಯದು ಮಾತ್ರ. ಅಲ್ಲಿಯದನ್ನು ಸಾಹೇಬರು ಹುಡುಕಿ ಹೇಳುತ್ತಾರೆ.

ಅಂಕಿಗಳನ್ನಂತೂ ಪ್ರಿಂಟ್ ಒತ್ತುವ ಮೊದಲು ಬೆರಳಿಟ್ಟು ಓದಿ. ಕಾಗುಣಿತ ತಿದ್ದುವ ಯಾವ ತಂತ್ರಾಂಶಕ್ಕೂ 340 ಆನೆ ತಪ್ಪೆಂದು ಗೊತ್ತಾಗುವುದಿಲ್ಲ.

ಎಲ್ಲ ಸರಿಯಾದ ಮೇಲೆ ಲಿಬ್ರೆ ಆಫೀಸಿನಲ್ಲಿ ಕರ್ಸರ್ ಎಲ್ಲಿಗೂ ಜಿಗಿಯದೆ, ಹೊಸ ಅಕ್ಷರ ಒತ್ತಿದಂತೆಲ್ಲ ಮುಂದಿನ ಅಕ್ಷರವನ್ನು ತಿನ್ನುತ್ತಾ ಹೋದರೆ ಟಚ್‌ಪ್ಯಾಡಿಗೆ ಬೈಯಬೇಡಿ. ಅದು ಇನ್ಸರ್ಟ್ ಕೀಲಿ, ಒಮ್ಮೆ ಒತ್ತಿದರೆ ನಿಲ್ಲುತ್ತದೆ. ಆ ಪ್ರಾಣಿಯೇ ಬೇರೆ.