ಫಿಲ್ ಕಾಲಿನ್ಸ್ ಹಾಡು ಮತ್ತು ನಡೆಯದ ಮುಳುಗುಸಾವು: ಒಂದು ಸ್ಪಷ್ಟನೆ

ಬ್ರಿಟಿಷ್ ಗಾಯಕ ಫಿಲ್ ಕಾಲಿನ್ಸ್ ಅವರ 1981ರ ‘ಇನ್ ದಿ ಏರ್ ಟುನೈಟ್’ ಹಾಡು ನಿಜವಾದ ಸಾವೊಂದನ್ನು ಕುರಿತದ್ದು ಎಂಬ ಮಾತು ದಶಕಗಳಿಂದ ಹರಿದಾಡುತ್ತಿದೆ. ನೀರಿನಲ್ಲಿ ಮುಳುಗುತ್ತಿದ್ದವನನ್ನು ಒಬ್ಬಾತ ಕಂಡೂ ರಕ್ಷಿಸಲಿಲ್ಲ, ಅದನ್ನು ದೂರದಿಂದ ನೋಡಿದ್ದ ಕಾಲಿನ್ಸ್ ಮುಂದೆ ತಮ್ಮ ಕಾರ್ಯಕ್ರಮದಲ್ಲಿ ಅವನೆದುರೇ ಈ ಹಾಡನ್ನು ಹಾಡಿದರು ಎಂಬುದು ಆ ಕಥೆ. ಇದು ನಿಜವಲ್ಲ, ಕಾಲಿನ್ಸ್ ಅವರೇ ಇದನ್ನು ಹಲವು ಬಾರಿ ಅಲ್ಲಗಳೆದಿದ್ದಾರೆ.

ಮೊದಲ ಮದುವೆ ಮುರಿದುಬೀಳುತ್ತಿದ್ದ ದಿನಗಳಲ್ಲಿ ಹುಟ್ಟಿದ ಈ ಹಾಡಿನ ಸಾಲುಗಳಲ್ಲಿ ಹೆಚ್ಚಿನವು ಹಾಡುತ್ತಿದ್ದಾಗಲೇ ಬಾಯಿಗೆ ಬಂದವು ಎಂದೂ, ಅವುಗಳಲ್ಲಿ ಸಿಟ್ಟಿದೆ ಎಂಬುದನ್ನು ಬಿಟ್ಟರೆ ಹಾಡಿನ ಅರ್ಥವೇನೆಂದು ತಮಗೂ ಗೊತ್ತಿಲ್ಲವೆಂದೂ ಅವರು ಹೇಳಿದ್ದಾರೆ. ಆದರೂ ಕೇಳುಗರನ್ನು ಪೂರ್ತಿ ದೂರುವಂತಿಲ್ಲ. ನೀನು ಮುಳುಗುತ್ತಿದ್ದರೂ ಕೈನೀಡಲಾರೆ ಎಂಬ ಅರ್ಥದ ಸಾಲು ಆರಂಭದಲ್ಲೇ ಬರುತ್ತದೆ. ನೀನು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂಬ ಆರೋಪವೂ ಇದೆ. ಯಾರು, ಏನು, ಎಲ್ಲಿ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ವಿಚ್ಛೇದನದ ಹಿನ್ನೆಲೆ ಬಲ್ಲವರಿಗೆ ಮುಳುಗುವುದು ರೂಪಕವಾಗಿ ಕೇಳಿಸಿದರೆ, ಅದನ್ನು ಅರಿಯದವರಿಗೆ, ವಿಶೇಷವಾಗಿ ಬಹುಹೊತ್ತು ತಡೆದು ಒಮ್ಮೆಲೇ ಅಪ್ಪಳಿಸುವ ಡ್ರಮ್ ಸದ್ದಿನ ಜೊತೆಗೆ, ಸಾಕ್ಷಿಯೊಬ್ಬನ ಹೇಳಿಕೆಯಂತೆಯೇ ಕೇಳಿಸುತ್ತದೆ. ಅಂಥ ಓದು ಅಸಂಗತವಲ್ಲ, ಅದನ್ನು ನಡೆದ ಘಟನೆಯೆಂದು ಸಾರುವುದಷ್ಟೇ ತಪ್ಪು.

ರ‍್ಯಾಪ್ ಗಾಯಕ ಎಮಿನೆಮ್ ಅವರ 2000ದ ‘ಸ್ಟ್ಯಾನ್’ ಹಾಡಿನಲ್ಲಿ ಈ ಕಥೆ ಬರುವುದನ್ನು ಕೆಲವರು ಪುರಾವೆಯಾಗಿ ತೋರಿಸುತ್ತಾರೆ. ಅಲ್ಲಿ ಅದನ್ನು ಹೇಳುವವನು ಹಾಡಿನೊಳಗಿನ ಕಲ್ಪಿತ ಪಾತ್ರ, ಅದೂ ಬುದ್ಧಿ ಸ್ಥಿಮಿತದಲ್ಲಿಲ್ಲದ ಅಭಿಮಾನಿ.