ಲಘು ಲಾಠಿಗೆ ಎಷ್ಟು ಮಾತ್ರೆ?

ಅಮೆರಿಕಾದ ಸಿಯಾಟಲ್ ಪೊಲೀಸ್ನೋರನ್ನ ನೆನೆಸ್ಕೊಂಡ್ರೆ ನಂಗೆ ನಿಜವಾಗ್ಲೂ ಅಯ್ಯೋ ಪಾಪ ಅನ್ಸತ್ತೆ. ನಮ್ ಮೈಸೂರಿನ ಸಾಫ್ಟ್‌ವೇರ್ ಹುಡುಗ್ರು ಮೈಕ್ರೋಸಾಫ್ಟು ಅಮೆಜಾನು ಅಂತ ಹೋಗಿ ಸೆಟಲ್ ಆಗ್ತಾರಲ್ಲ, ಅದೇ ಊರು. ಅಲ್ಲಿ 2014ರ ಮೇ ತಿಂಗಳಲ್ಲಿ ಸುಮಾರು 125 ಜನ ಪೊಲೀಸ್ನೋರು ಒಟ್ಟಿಗೆ ಸೇರ್ಕೊಂಡು ಕೋರ್ಟಿಗೆ ಹೋದ್ರು. ಸಂಬಳ ಸಾಲಲ್ಲ ಅಂತಲ್ಲ, ಕ್ವಾಟ್ರಸ್ಸಲ್ಲಿ ನೀರು ಬರಲ್ಲ ಅಂತಾನೂ ಅಲ್ಲ. ಜನರ ಮೇಲೆ ಬಲಪ್ರಯೋಗ ಮಾಡೋಕೆ ಇಲಾಖೆ ಹೊಸದಾಗಿ ರೂಲ್ಸ್ ಹಾಕಿದೆ, ಇದ್ರಿಂದ ನಮ್ಮ ಸಾಂವಿಧಾನಿಕ ಹಕ್ಕಿಗೇ ಧಕ್ಕೆ ಆಗಿದೆ ಸ್ವಾಮಿ, ಕಾಪಾಡಿ ಅಂತ.

ಇದನ್ನ ನಮ್ಮ ಮಾವನಿಗೆ ಹೇಳಿದೆ. ಮಾವ ಅಂದ್ರೆ ಮಂಡ್ಯದ ಕಡೆಯೋರು, ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್ಐ ಆಗಿ ರಿಟೈರ್ ಆದೋರು, ಈಗ ಬೆಳಗ್ಗೆ ಗದ್ದೆ, ಸಂಜೆ ಟೀ ಅಂಗಡಿ ಬೆಂಚು. ನಾನು ಕೋರ್ಟು ಅಂದಿದ್ದೇ ತಡ, ಗ್ಲಾಸ್ ಕೆಳಗಿಟ್ರು.

"ಯೋನ್ಲಾ ಅಳಿಯ, ಪೊಲೀಸ್ನೋರೇ ಕೋರ್ಟಿಗ್ ಓಗವ್ರಾ? ಅದ್ಯಾಕ್ಲಾ?"

"ಹೊಡೆಯೋಕೆ ಮುಂಚೆ, ಆಗೋ ಹಂಗಿದ್ರೆ ಮಾತಾಡಿ ಸಮಾಧಾನ ಮಾಡ್ಬೇಕು ಅಂತ ರೂಲ್ಸಂತೆ ಮಾವ. ಹೊಡೆದ್ರೂ ಎಷ್ಟು ಬೇಕೋ ಅಷ್ಟೇ ಹೊಡೀಬೇಕು. ಆಮೇಲೆ ಯಾರ ಕಡೆಗಾದ್ರೂ ಬಂದೂಕು ಗುರಿ ಇಟ್ರೆ ಅದಕ್ಕೂ ರಿಪೋರ್ಟ್ ಬರೀಬೇಕಂತೆ."

"ಗುಂಡು ಹಾರ್ಸಿದ್ಮೇಲೆ ತಾನೆ?"

"ಇಲ್ಲ ಮಾವ, ಸುಮ್ನೆ ಗುರಿ ಇಟ್ರೂ."

ಮಾವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಅಲ್ಲಿ ಸ್ಟೇಷನ್ ರೈಟ್ರು ಬದ್ಕವ್ನಾ?" ಅಂತ ಕೇಳಿದ್ರು.

ರೂಲ್ಸ್ ಏನು ಆಕಾಶದಿಂದ ಉದುರಿದ್ದಲ್ಲ. 2010ರ ಆಗಸ್ಟ್ 30ನೇ ತಾರೀಕು ಅದೇ ಊರಲ್ಲಿ ಜಾನ್ ಟಿ. ವಿಲಿಯಮ್ಸ್ ಅಂತ ಒಬ್ಬ ರಸ್ತೆ ದಾಟ್ತಿದ್ದ. ಮೂಲನಿವಾಸಿ ಪಂಗಡದೋನು, ತಲೆತಲಾಂತರದಿಂದ ಮರ ಕೆತ್ತೋ ಕುಲ, ಒಂದು ಕಿವಿ ಬೇರೆ ಸರಿಯಾಗಿ ಕೇಳ್ತಿರ್ಲಿಲ್ಲ. ಕೈಯಲ್ಲಿ ಒಂದು ಮರದ ತುಂಡು, ಕೆತ್ತೋ ಚಾಕು, ಅದರ ಅಲಗು ಮೂರು ಇಂಚು. ಪೊಲೀಸ್ ಆಫೀಸರ್ ಕಾರಿಂದ ಇಳಿದ, ಚಾಕು ಕೆಳಗೆ ಹಾಕು ಅಂದ, ನಾಲ್ಕೈದು ಸೆಕೆಂಡಲ್ಲಿ ಗುಂಡು ಹಾರಿಸ್ದ, ವಿಲಿಯಮ್ಸ್ ಸತ್ತೋದ. ನಮ್ ಮೈಸೂರಲ್ಲಿ ಮಂಡಿ ಮೊಹಲ್ಲಾ ಕಡೆ ಬೀಟೆ ಮರದ ಇನ್ಲೇ ಕೆಲಸ ಮಾಡೋರು ಉಳಿ, ಸಣ್ಣ ಗರಗಸ ಹಿಡ್ಕೊಂಡೇ ಟೀ ಕುಡಿಯೋಕೆ ರಸ್ತೆ ದಾಟ್ತಾರೆ. ಅವರಿಗೆ ಈ ಕತೆ ಹೇಳೋಕೆ ನಂಗೆ ಬಾಯಿ ಬರಲ್ಲ. ಅಲ್ಲಿನ ಇಲಾಖೆಯ ವಿಚಾರಣಾ ಮಂಡಳಿನೇ ಆ ಗುಂಡು ಹಾರ್ಸಿದ್ದು ತಪ್ಪು ಅಂತು, ಆದ್ರೆ ಆಫೀಸರ್ ಮೇಲೆ ಕ್ರಿಮಿನಲ್ ಕೇಸ್ ಹಾಕ್ಲಿಲ್ಲ, ಆತ ರಾಜೀನಾಮೆ ಕೊಟ್ಟ, ಮುಗೀತು. 2011ರಲ್ಲಿ ಅವರ ಕೇಂದ್ರ ನ್ಯಾಯ ಇಲಾಖೆ ತನಿಖೆ ಮಾಡಿ, ಈ ಊರಿನ ಪೊಲೀಸ್ನೋರು ಬಲಪ್ರಯೋಗ ಮಾಡಿದ ಐದರಲ್ಲಿ ಹತ್ರಹತ್ರ ಒಂದು ಸಲ ಸಂವಿಧಾನ ಮೀರಿ ಮಾಡವ್ರೆ ಅಂತ ವರದಿ ಕೊಡ್ತು. 2012ರಲ್ಲಿ ಕೋರ್ಟ್ ಉಸ್ತುವಾರಿಯ ಒಪ್ಪಂದ ಆಯ್ತು, 2014ರ ಜನವರಿಯಿಂದ ಹೊಸ ರೂಲ್ಸ್ ಬಂತು. ಐದು ತಿಂಗಳಿಗೆ 125 ಜನಕ್ಕೆ ಉಸಿರು ಕಟ್ತು.

ಅವರ ವಾದ ಏನು ಗೊತ್ತಾ, ಇದು ಸಿಹಿ ತಿಂಡಿ ಥರ ಸ್ವಲ್ಪ ಸ್ವಲ್ಪ ಸವೀಬೇಕು. ಅಮೆರಿಕಾ ಸಂವಿಧಾನದ ಎರಡನೇ ತಿದ್ದುಪಡಿ ಜನಕ್ಕೆ ಆಯುಧ ಇಟ್ಕೊಳೋ ಹಕ್ಕು ಕೊಡತ್ತೆ, ಆದ್ದರಿಂದ ಸರ್ಕಾರ ಕೊಟ್ಟಿರೋ ಬಂದೂಕನ್ನ ನಮ್ಮ ಆತ್ಮರಕ್ಷಣೆಗೆ ಬಳಸೋದು ನಮ್ಮ ಹಕ್ಕು, ಇಲಾಖೆ ಅದಕ್ಕೆ ಕಡಿವಾಣ ಹಾಕಂಗಿಲ್ಲ ಅನ್ನೋದು ಒಂದು. ಇನ್ನೊಂದು ನಾಲ್ಕನೇ ತಿದ್ದುಪಡಿ. ಅದು ಇರೋದೇ ಪೊಲೀಸ್ನೋರು ಸುಮ್‌ಸುಮ್ನೆ ಜನರನ್ನ ಹಿಡಿಯೋದು ಬಡಿಯೋದು ಮಾಡ್ಬಾರ್ದು ಅಂತ ಜನಕ್ಕೆ ರಕ್ಷಣೆ ಕೊಡೋಕೆ. ಇವ್ರು ಅದನ್ನೇ ಎತ್ಕೊಂಡು, ನೋಡಿ ಇದ್ರಲ್ಲಿ ನಮಗೆ ಬಲಪ್ರಯೋಗದ ಹಕ್ಕಿದೆ ಅಂದ್ರು! ಬೇಲಿನೇ ಎದ್ದು ಹೊಲ ಮೇಯೋದು ನಮಗೆ ಹಳೇದು, ಇಲ್ಲಿ ಹೊಲಕ್ಕೆ ನುಗ್ಗಿದ ಎತ್ತು ತಾಲೂಕಾಫೀಸಿಗೆ ಹೋಗಿ ಬೇಲಿ ನನ್ ಹೆಸರಿಗೇ ಪಹಣಿ ಮಾಡ್ಕೊಡಿ ಅಂತ ಅರ್ಜಿ ಹಾಕಿದೆ. ಅದೇ ವರ್ಷ ಅಕ್ಟೋಬರಲ್ಲಿ ಜಡ್ಜಮ್ಮ ಕೇಸ್ ವಜಾ ಮಾಡಿದ್ರು. ಮೇಲ್ಮನವಿ ಹೋದ್ರು, 2017ರಲ್ಲಿ ಅಲ್ಲೂ ಸೋತ್ರು.

ಮಾವನಿಗೆ ಸೋತಿದ್ದಕ್ಕೆ ಬೇಜಾರಾಗ್ಲಿಲ್ಲ, ಹೋಗಿದ್ದಕ್ಕೇ ಬೇಜಾರಾಯ್ತು. "ಅಲ್ಲಾ ಕಣ್ಲಾ, ರೂಲ್ಸು ಬೇಡ ಅಂತ ಯಾವನಾರ ಬರ್ದುಕೊಡ್ತಾನ? ರೂಲ್ಸ್ ಬತ್ತದೆ, ಸೈನ್ ಹಾಕಿ ಫೈಲಿಗ್ ಹಾಕ್ಬೇಕು. ಅಷ್ಟೂ ಗೊತ್ತಿಲ್ವಾ ಆ ಹೈಕ್ಳಿಗೆ? ಒಂದ್ ತಿಂಗ್ಳು ಇಲ್ಲಿಗ್ ಕಳ್ಸಿದ್ರೆ ನಮ್ ರೈಟ್ರು ಕಲಿಸ್ಕೊಡೋರು."

ನಿಜ. ನಮ್ಮಲ್ಲಿ ಬಲಪ್ರಯೋಗದ ಮಿತಿಯನ್ನ ಕೋರ್ಟಲ್ಲಿ ಪ್ರಶ್ನೆ ಮಾಡೋ ದರಿದ್ರ ಪೇದೆಗೆ ಬಂದಿಲ್ಲ, ಯಾಕಂದ್ರೆ ನಮ್ಮತ್ರ ಕನ್ನಡ ಇದೆ. ಕನ್ನಡದಲ್ಲಿ ‘ಲಘು ಲಾಠಿ ಪ್ರಹಾರ’ ಅಂತ ಒಂದು ಪದ ಇದೆ. ಇಡೀ ಸಿಯಾಟಲ್ ಪೊಲೀಸ್ ಇಲಾಖೆ ಒಟ್ಟಿಗೆ ತಪಸ್ಸಿಗೆ ಕೂತ್ರೂ ಇಂಥ ಒಂದು ಪದ ಹುಟ್ಸೋಕಾಗಲ್ಲ. ಲಘು ಉಪಾಹಾರ ಅಂದ್ರೆ ಇಡ್ಲಿ ವಡೆ ಅಂತ ಗೊತ್ತು, ಲಘು ಸಂಗೀತ ಅಂದ್ರೆ ಭಾವಗೀತೆ ಅಂತ ಗೊತ್ತು, ಲಘು ಲಾಠಿ ಅಂದ್ರೆ ಏನು ಅನ್ನೋದು ನಂಗೆ ಒಂದ್ಸಲ ಪ್ರಾಕ್ಟಿಕಲ್ ಆಗೇ ಗೊತ್ತಾಯ್ತು. ಯಾವ ವರ್ಷ ಅಂತ ಬೇಡ, ಕಾವೇರಿ ನೀರು ಬಿಟ್ರು ಅಂತ ಹೆದ್ದಾರಿ ತಡೆ ನಡೀತಿತ್ತು, ಅಂಥ ವರ್ಷಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾನು ಹೋರಾಟಗಾರ ಅಲ್ಲ, ಮೊಸರು ತರೋಕೆ ಹೋಗಿದ್ದೆ. ಎಲ್ರೂ ಓಡಿದ್ರು, ನಾನೂ ಓಡಿದೆ, ಮೊಸರು ಪ್ಯಾಕೆಟ್ ಕೈಲಿತ್ತು, ಬಿಸಾಕೋಕೆ ಮನಸ್ಸು ಬರದೆ ಒಂದು ಹೆಜ್ಜೆ ಹಿಂದೆ ಬಿದ್ದೆ, ಎಡಗಾಲಿನ ಮೀನಖಂಡಕ್ಕೆ ಸರಿಯಾಗಿ ಒಂದು ಬಿತ್ತು. ಬಿದ್ದ ಕ್ಷಣ ನೋವಾಗಲ್ಲ, ಮೊದಲು ಒಂಥರ ಬಿಸಿ ಅನ್ಸತ್ತೆ, ಆಮೇಲೆ ಕಾಲು ನಮ್ದಲ್ಲ ಅನ್ಸತ್ತೆ. ರಾತ್ರಿ ನೋಡಿದ್ರೆ ಎರಡು ಗೆರೆ ಎದ್ದಿತ್ತು, ಮಧ್ಯ ಬೆಳ್ಳಗೆ, ಆ ಕಡೆ ಈ ಕಡೆ ನೇರಳೆ ಬಣ್ಣ, ಸ್ಕೇಲಲ್ಲಿ ಎಳೆದಂಗೆ. ಬೆಳಗ್ಗೆ ಪೇಪರ್ ತೆಗೆದ್ರೆ ‘ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿ ಪರಿಸ್ಥಿತಿಯನ್ನು ಹತೋಟಿಗೆ ತಂದರು.’ ಆ ಪರಿಸ್ಥಿತಿ ನಾನೇ. ಹತೋಟಿಗೆ ಬಂದಿದ್ದೆ, ಮಂಚದ ಮೇಲೆ ಬೋರಲು ಮಲಗಿದ್ದೆ.

ಹೈಸ್ಕೂಲಲ್ಲಿ ನಮ್ ಕನ್ನಡ ಮೇಷ್ಟ್ರು ಛಂದಸ್ಸು ಪಾಠ ಮಾಡ್ವಾಗ ಲಘುಗೆ ಒಂದು ಮಾತ್ರೆ, ಗುರುಗೆ ಎರಡು ಮಾತ್ರೆ ಅಂತ ಹೇಳ್ಕೊಟ್ಟಿದ್ರು. ಮೇಷ್ಟ್ರಿಗೆ ಗೊತ್ತಿರ್ಲಿಲ್ಲ ಅನ್ಸತ್ತೆ, ನಾನು ಆ ಲಘುಗೆ ಬೆಳಗ್ಗೆ ಒಂದು ರಾತ್ರಿ ಒಂದು ಅಂತ ಐದು ದಿನ ತಗೊಂಡೆ, ಒಟ್ಟು ಹತ್ತು ಮಾತ್ರೆ. ಗುರು ಬಿದ್ದಿದ್ರೆ ಅಡ್ಮಿಟ್ಟೇ ಆಗ್ಬೇಕಿತ್ತು.

ಇನ್ನ ‘ಆತ್ಮರಕ್ಷಣೆ’ ಅನ್ನೋ ಪದಕ್ಕೆ ಅಮೆರಿಕಾದೋರು ಮೂರು ವರ್ಷ ಕೋರ್ಟ್ ಅಲೆದ್ರು, ನಮ್ಮಲ್ಲಿ ಅದು ಮೂರು ಸಾಲಿನ ಸುದ್ದಿ, ಅಚ್ಚಿನ ಮೊಳೆ ಮೊದಲೇ ಜೋಡ್ಸಿಟ್ಟಂಗೆ ಇರತ್ತೆ. ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಪೊಲೀಸರ ಮೇಲೆ ಬಾಟಲಿಯಿಂದ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ್ದಾನೆ, ಶರಣಾಗುವಂತೆ ಸೂಚಿಸಿದರೂ ಕೇಳದಿದ್ದಾಗ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹಾರಿಸಲಾಗಿದೆ. ಊರು ಬೇರೆ, ಆರೋಪಿ ಬೇರೆ, ಕಾಲು ಒಂದೊಂದ್ಸಲ ಎಡ ಒಂದೊಂದ್ಸಲ ಬಲ. ಮಹಜರು ಯಾಕೆ ಯಾವಾಗ್ಲೂ ಕೋಳಿ ಕೂಗೋ ಹೊತ್ತಿಗೇ ನಡೀಬೇಕು, ಅದೂ ಪೊದೆ ಇರೋ ಜಾಗದಲ್ಲೇ, ಸುತ್ತ ಪೊಲೀಸ್ ಇರೋವಾಗ ಆ ಆರೋಪಿಗೆ ಬಾಟ್ಲು ಎಲ್ಲಿ ಸಿಗತ್ತೆ ಅಂತ ನಾನು ಮಾವನ್ನ ಕೇಳಿದ್ರೆ, "ಸುಮ್ಕಿರ್ಲಾ, ಬಾಟ್ಲು ಇಲ್ದೆ ಇರೋ ಪೊದೆ ಕರ್ನಾಟಕದಾಗೆ ಎಲ್ಲೈತೆ ತೋರ್ಸು" ಅಂದ್ರು. ಸ್ವಚ್ಛ ಭಾರತದ ಮೇಲೆ ಇಷ್ಟು ಒಳ್ಳೆ ಟೀಕೆ ನಾನು ಬೇರೆ ಎಲ್ಲೂ ಕೇಳಿಲ್ಲ.

ಹಂಗಂತ ನಮ್ ದೇಶದಲ್ಲಿ ಇಂಥ ಕೇಸು ಯಾರೂ ಹಾಕೇ ಇಲ್ಲ ಅಂತಲ್ಲ. 2018ರಲ್ಲಿ ಮುನ್ನೂರಕ್ಕೂ ಹೆಚ್ಚು ಸೇನಾ ಅಧಿಕಾರಿಗಳು, ಯೋಧರು ಸುಪ್ರೀಂ ಕೋರ್ಟಿಗೆ ಹೋಗಿದ್ರು, ವಿಶೇಷಾಧಿಕಾರ ಕಾಯ್ದೆ ಇರೋ ಕಡೆ ಕೆಲಸ ಮಾಡೋ ನಮ್ಮೋರ ಮೇಲೆ ಎಫ್ಐಆರ್ ಹಾಕ್ತಿರೋದು ಸರಿಯಲ್ಲ ಅಂತ. ಮಣಿಪುರದ ಎನ್‌ಕೌಂಟರ್‌ಗಳನ್ನ ತನಿಖೆ ಮಾಡಿ ಅಂತ ಅದೇ ಕೋರ್ಟ್ ಹೇಳಿತ್ತಲ್ಲ, ಅದರ ಬಿಸಿ. ಆ ವರ್ಷ ನವೆಂಬರಲ್ಲಿ ಅರ್ಜಿ ವಜಾ ಆಯ್ತು. ಅದು ಗಡಿ, ಸೇನೆ, ದೊಡ್ಡೋರ ವಿಷ್ಯ, ಟೀ ಅಂಗಡಿ ಬೆಂಚಿಗೆ ಅದು ಭಾರ.

ನಮ್ ಪೇದೆಗಳು ಏನಕ್ಕೆ ಒದ್ದಾಡಿದ್ರು ಅನ್ನೋದು ಮಾವನಿಗೆ ಚೆನ್ನಾಗಿ ಗೊತ್ತು. 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸ್ನೋರು ಸಾಮೂಹಿಕ ರಜೆ ಹಾಕ್ತಾರೆ ಅಂತ ಗುಲ್ಲೆದ್ದಿತ್ತು ನೆನಪಿದ್ಯಾ, ಸಂಬಳ ಸರಿ ಮಾಡಿ, ವಾರಕ್ಕೊಂದು ರಜ ಕೊಡಿ ಅಂತ. ಮುಂದೆ ನಿಂತೋರ ಮೇಲೆ ಯಾವ ಕೇಸ್ ಬಿತ್ತು ಹೇಳಿ ನೋಡೋಣ. ರಾಜದ್ರೋಹ! ರಜ ಕೇಳೋದು ರಾಜದ್ರೋಹ, ಒಂದಕ್ಷರ ದೀರ್ಘ ಆಗಿದ್ದಕ್ಕೆ. ಪೊಲೀಸ್ನೋರು ತಮ್ಮಿಷ್ಟಕ್ಕೆ ಸಂಘ ಕಟ್ಟಂಗಿಲ್ಲ ಅಂತ 1966ರ ಕಾನೂನೇ ಇದೆ. ಅಂದ್ರೆ ನಮ್ ಪೇದೆ ಲಾಠಿ ಎತ್ತೋಕೆ ಯಾರನ್ನೂ ಕೇಳ್ಬೇಕಾಗಿಲ್ಲ, ಮಗಳ ನಾಮಕರಣಕ್ಕೆ ಅರ್ಧ ದಿನ ರಜ ಬೇಕು ಅಂದ್ರೆ ಇನ್ಸ್‌ಪೆಕ್ಟರ್ ಮನೆ ಬಾಗ್ಲಲ್ಲಿ ನಿಂತಿರ್ಬೇಕು. ಮಾವ ಇದನ್ನ ಹೇಳ್ವಾಗ ನಗ್ಲಿಲ್ಲ. ಅತ್ತೆ ಹೆರಿಗೆ ಟೈಮಲ್ಲಿ ಅವ್ರು ದಸರಾ ಬಂದೋಬಸ್ತಲ್ಲಿದ್ರು, ಬನ್ನಿಮಂಟಪದಲ್ಲಿ, ಮಗ ಹುಟ್ಟಿದ್ದು ಎರಡು ದಿನ ಆದ್ಮೇಲೆ ಗೊತ್ತಾಗಿದ್ದು. ಹದಿನಾರು ಗಂಟೆ ಬಿಸಿಲಲ್ಲಿ ನಿಂತೋನ ಕೈಗೆ ನೀವು ಲಾಠಿ ಕೊಟ್ರೆ ಅವ್ನು ಯಾರ ಸಿಟ್ಟನ್ನ ಯಾರ ಮೀನಖಂಡದ ಮೇಲೆ ತೀರಿಸ್ಕೊಂಡ ಅನ್ನೋದಕ್ಕೆ ಪಂಚನಾಮೆ ಯಾರು ಬರೀತಾರೆ.

ರೂಲ್ಸ್ ವಿಷ್ಯಕ್ಕೆ ಬಂದ್ರೆ ನಮ್ಮದು ಸಿಯಾಟಲ್‌ನೋರ ಆ ರೂಲ್ಸಿಗಿಂತ ಹಳೇದು, ಗಟ್ಟಿನೂ ಹೌದು. ಕೊಲ್ಕತ್ತಾದ ಡಿ.ಕೆ. ಬಸು ಅನ್ನೋರು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದ್ರು, ಕೋರ್ಟು ಅದನ್ನೇ ರಿಟ್ ಅರ್ಜಿ ಅಂತ ತಗೊಂಡು 1996ರ ಡಿಸೆಂಬರಲ್ಲಿ ತೀರ್ಪು ಕೊಡ್ತು. ಕಾಗದ ತೀರ್ಪಾಗೋಕೆ ಹತ್ತು ವರ್ಷ, ಪರವಾಗಿಲ್ಲ. ಅದ್ರಲ್ಲಿ ಹನ್ನೊಂದು ಸೂತ್ರ. ಅರೆಸ್ಟ್ ಮಾಡೋ ಪೊಲೀಸ್ನೋರು ಹೆಸರಿನ ಬಿಲ್ಲೆ ಕಾಣೋ ಹಂಗೆ ಹಾಕಿರ್ಬೇಕು, ಮೆಮೊ ಬರೀಬೇಕು, ಮನೆಯೋರಿಗೆ ತಿಳಿಸ್ಬೇಕು, ಮೈಮೇಲೆ ಗಾಯ ಇದ್ರೆ ಬರ್ಕೋಬೇಕು, 48 ಗಂಟೆಗೊಂದ್ಸಲ ಡಾಕ್ಟ್ರು ನೋಡ್ಬೇಕು, ಹಿಂಗೆ. ಜೊತೆಗೆ ಇದನ್ನೆಲ್ಲ ಪ್ರತಿ ಠಾಣೆಯಲ್ಲೂ ಜನಕ್ಕೆ ಎದ್ದು ಕಾಣೋ ಜಾಗದಲ್ಲಿ ಹಾಕಿ ಅಂತಾನೂ ಹೇಳಿದಾರೆ. ಇದು ಸಾಲ್ದು ಅಂತ 2020ರ ಡಿಸೆಂಬರಲ್ಲಿ ಪ್ರತಿ ಠಾಣೆಗೂ ಸಿಸಿಟಿವಿ ಹಾಕಿ, ಬಾಗ್ಲು, ಲಾಕಪ್ಪು, ವೆರಾಂಡ ಯಾವುದೂ ಬಿಡಬೇಡಿ ಅಂತ ಅದೇ ಕೋರ್ಟು ಹೇಳ್ತು.

ಹೋದ ದಸರಾಲಿ ನಾನು ಒಂದು ಠಾಣೆಗೆ ಹೋಗಿದ್ದೆ, ಯಾವ ಠಾಣೆ ಅಂತ ಬೇಡ, ಮೊಬೈಲ್ ಕಳೆದಿತ್ತು. ಆಯುಧಪೂಜೆ ದಿನ. ಜೀಪಿಗೆ ಚೆಂಡು ಹೂವಿನ ಹಾರ, ಟೈರಿನ ಕೆಳಗೆ ನಿಂಬೆಹಣ್ಣು, ಬಾಗ್ಲಲ್ಲಿ ಒಡೆದ ಬೂದುಗುಂಬಳಕಾಯಿಗೆ ಕುಂಕುಮ ಬಿದ್ದು ಕೆಂಪಗೆ, ಮೆಟ್ಟಿಲು ಹತ್ತೋನಿಗೆ ಎದೆ ಧಸಕ್ ಅನ್ನೋ ಹಂಗೆ. ಒಳಗೆ ಉದ್ದಕ್ಕೆ ಜಮಖಾನ ಹಾಸಿ ಅದರ ಮೇಲೆ ಲಾಠಿಗಳನ್ನ ಸಾಲಾಗಿ ಮಲಗಿಸಿದ್ರು. ಫೈಬರ್ದು ಒಂದು ಕಡೆ, ಹಳೇ ಬಿದಿರಿಂದು ಒಂದು ಕಡೆ. ಪ್ರತಿಯೊಂದಕ್ಕೂ ಮೂರು ಗೆರೆ ವಿಭೂತಿ, ಮಧ್ಯ ಕುಂಕುಮದ ಬೊಟ್ಟು. ಒಂದು ಬಿದಿರಿಂದು ತುದಿ ಸೀಳಿತ್ತು, ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಮೇಲೆ ಒಂದು ದಾಸವಾಳ ಸಿಕ್ಕಿಸಿದ್ರು, ಸರ್ವಿಸ್ ಜಾಸ್ತಿ ಇರ್ಬೇಕು. ನನ್ನ ಎಡಗಾಲು ತಾನಾಗೇ ಒಂದು ಹೆಜ್ಜೆ ಹಿಂದೆ ಇಡ್ತು. ಮೇಲೆ ಮೂಲೆಲಿ ಸಿಸಿಟಿವಿ ಕ್ಯಾಮೆರಾ, ಅದೂ ಆಯುಧ ತಾನೆ, ಅದಕ್ಕೂ ಪೂಜೆ ಆಗಿತ್ತು, ಯಾರೋ ಭಕ್ತಿಯಿಂದ ಸ್ಟೂಲ್ ಹತ್ತಿ ಸರಿಯಾಗಿ ಲೆನ್ಸಿನ ಮೇಲೇ ಗಂಧ ಹಚ್ಚಿ ಕುಂಕುಮ ಇಟ್ಟಿದ್ರು.

ಬಾಗ್ಲ ಎರಡೂ ಕಡೆ ಬಾಳೆಕಂದು ಕಟ್ಟಿದ್ರು, ಎಡಗಡೆ ಕಂದಿನ ಹಿಂದೆ ಗೋಡೆ ಮೇಲೆ ನೀಲಿ ಬೋರ್ಡು. ಎಲೆ ಸಂದಿಯಲ್ಲಿ ‘ಬಂಧಿತ ವ್ಯಕ್ತಿಯ ಹಕ್ಕುಗಳು’ ಅಂತ ಕಾಣ್ತಿತ್ತು, ಕೆಳಗೆ ‘ಸರ್ವೋಚ್ಚ ನ್ಯಾಯಾಲಯದ’ ಅನ್ನೋ ತನಕ ಓದೋಕೆ ಬರ್ತಿತ್ತು, ಆಮೇಲೆ ಬಾಳೆಎಲೆ. ನಾನು ಸುಮ್ನೆ ಇರ್ಬೇಕಿತ್ತು, ಎಲೆ ಪಕ್ಕಕ್ಕೆ ಸರಿಸಿ ಓದೋಕೆ ಹೋದೆ.

"ಯಾಕ್ ಸಾರ್, ಲಾಯರಾ?" ಅಂದ್ರು ಹಿಂದಿಂದ ಒಬ್ರು.

"ಅಲ್ಲ ಸಾರ್. ಮೊಬೈಲ್ ಕಳೆದೋಗಿದೆ."

"ಓ ಹಂಗಾ. ಕಂದು ಮುಟ್ಬೇಡಿ ಸಾರ್, ಮಂಗಳಾರತಿ ಇನ್ನೂ ಆಗಿಲ್ಲ. ಒಣಗಿದ್ಮೇಲೆ ನಾವೇ ತೆಗೀತೀವಿ, ಆಗ ಬಂದು ಓದ್ಕೊಳಿ. ತಗೊಳಿ ಪ್ರಸಾದ" ಅಂತ ನನ್ನ ಎರಡೂ ಕೈ ಜೋಡ್ಸಿ ಹಿಡ್ಸಿ ಕಡ್ಲೆಪುರಿ ಸುರಿದ್ರು. ಕೈ ತುಂಬಿತ್ತಲ್ಲ, ಕಂಪ್ಲೇಂಟ್ ಬರೆಯೋಕೆ ಪೆನ್ನು ಹಿಡಿಯೋಕಾಗ್ಲಿಲ್ಲ.